ಬೆಳಕಿನ ಕಾಲುವೆ

ಹೋದ ಫಾಲ್ಗುಣದಲ್ಲಿ ನಾನು ಜೋಯಿಡಾ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋಗಿದ್ದೆನು. ಆ ಸೀಮೆಯನ್ನು ಕಾಣದ ವಾಚಕರಿಗೆ ಅಲ್ಲಿಯ ಏಕಾಂತವನ್ನು ಬರಿಯ ಮಾತಿನಿಂದ ತಿಳಿಸುವುದು ಕಷ್ಟ. ಕಾಳೀ ನದಿಯು ಹುಟ್ಟುವುದು ಅಲ್ಲಿಯ ಡಿಗ್ಗಿಯ ಬಳಿಯ ಕಾಡಿನಲ್ಲಿ. ಹಿಂದೆ ತಾಲ್ಲೂಕಿಗೆ ಸೂಪಾ ಎಂದೇ ಹೆಸರು. ಆ ಸೂಪಾ ಪೇಟೆಯು ಅಣೆಕಟ್ಟಿನ ನೀರಿಗೆ ಆಹುತಿಯಾದುದರಿಂದ ಕಚೇರಿಗಳು ಜೋಯಿಡಾಕ್ಕೆ ಬಂದುವು. ಮನೆಗಳು ತೋಟಕ್ಕೊಂದರಂತೆ ಚದರಿಕೊಂಡಿವೆ. ಸಂತೆಪೇಟೆಗೆ ದಾಂಡೇಲಿ, ಅದಕ್ಕೂ ಮಿಗಿಲಾದ ಕೆಲಸವಿದ್ದರೆ ಹಳಿಯಾಳ, ಜೀವದ ಮೇಲೆ ಬಂದರೆ ಧಾರವಾಡ, ಹುಬ್ಬಳ್ಳಿ, ಇಲ್ಲವೆ ಅಣಶಿ ಘಟ್ಟವನ್ನಿಳಿದು ಕಾರವಾರ. ಮಳೆಗಾಲದಲ್ಲಿ ಘಟ್ಟದ ಗುಡ್ಡ ಜಾರಿತೆಂದರೆ ಆ ಕಡೆಯ ದಾರಿಯೂ ಇಲ್ಲ.

ಅತ್ತೆಯವರ ತೋಟದ ಕೆಲಸಕ್ಕೆ ಬರುವ ಕುಣಬಿ ಯುವಕನೊಬ್ಬನು ಆಗ ಜ್ವರದಿಂದ ಮಲಗಿದ್ದನು. ಕೊಟ್ಟಿಗೆಗೆ ಹಾಸಲು ದರಕು, ಎಂದರೆ ತರಗೆಲೆ, ತರಲೆಂದು ಕಾಡಿಗೆ ಹೋಗಿ ಬಂದ ಕೆಲವು ದಿನಗಳಲ್ಲಿಯೆ ಅವನಿಗೆ ತಲೆ ಸಿಡಿಯುವ ನೋವು, ಮೈಕೈ ಕಡಿತ, ವಾಂತಿ. ಊರಿನವರಿಗೆ ಒಂದೇ ಅನುಮಾನ: ಮಂಗನ ಕಾಯಿಲೆ. ರಕ್ತವನ್ನು ತೆಗೆದು ಪರೀಕ್ಷೆಗೆ ಹೊರಗೆ ಕಳುಹಿಸಿದರು. ಉತ್ತರವು ಬಂದುದು ಒಂಬತ್ತನೆಯ ದಿನ. ಅಷ್ಟರಲ್ಲಿ ಹುಡುಗನು ಎದ್ದು ಗಂಜಿ ಕುಡಿದು ಅಂಗಳದಲ್ಲಿ ತಿರುಗಾಡುತ್ತಿದ್ದನು. ಉತ್ತರದಲ್ಲಿ ಬರೆದುದು, ಅದು ಮಂಗನ ಕಾಯಿಲೆಯಲ್ಲವೆಂದು.

ಕಥೆಯು ಸುಖಾಂತವಾಯಿತೆಂದು ವಾಚಕರು ಎನ್ನಬಹುದು. ನಾನೂ ಹಾಗೆಯೆ ಎಂದೆನು. ಅತ್ತೆಯವರು ಒಪ್ಪಲಿಲ್ಲ. ಆ ಒಂಬತ್ತು ದಿನ ಅವನ ಮನೆಯ ಕಡೆಗೆ ಯಾರೂ ಸುಳಿಯಲಿಲ್ಲ. ಅವನ ಹೆಂಡತಿಯನ್ನು ಕೂಲಿಗೆ ಕರೆಯಲಿಲ್ಲ. ಅವಳು ಕೊಡ ಹಿಡಿದು ಬಂದರೆ ಬಾವಿಯ ಕಟ್ಟೆಯಿಂದ ಉಳಿದವರು ಸರಿದು ನಿಂತರು. ಮಂಗನ ಕಾಯಿಲೆಯು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲವೆಂದು ಎಷ್ಟು ಹೇಳಿದರೂ ಹೆದರಿಕೆಗೆ ಕಿವಿಯಿಲ್ಲ. “ತಮಾ,” ಎಂದು ಅತ್ತೆಯವರು ಅಡಕೆ ಕತ್ತರಿಸುತ್ತ ಕೇಳಿದರು, “ಬಸಿರಿ ಹೌದೋ ಅಲ್ಲವೋ ನೋಡಲಿಕ್ಕೆ ಮನೆಯಲ್ಲೇ ಕಡ್ಡಿ ಬಂದಿದೆ. ನನ್ನ ಸಕ್ಕರೆ ಕಾಯಿಲೆಗೂ ದಿನಾ ಬೆರಳು ಚುಚ್ಚಿ ನಾನೇ ನೋಡಿಕೊಳ್ತೇನೆ. ಈ ಜ್ವರಕ್ಕೆ ಮಾತ್ರ ಯಾಕೆ ಹಾಗೊಂದು ಸಿಗೂದಿಲ್ಲ?”

ಆ ಹೊತ್ತಿಗೆ ಸರಿಯಾದ ಉತ್ತರವನ್ನು ಕೊಡಲು ನನ್ನಿಂದಾಗಲಿಲ್ಲ. ಊರಿಗೆ ಬಂದು ಓದಿ ಕೇಳಿ ತಿಳಿದುದನ್ನು ಈ ತಿಂಗಳ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ರೋಗದ ಮಾತನ್ನು ಮುಗಿಸಿಬಿಡುವೆನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುವು. ಕಾಡಿಗೆ ಹೋದ ಜನರೂ ಜ್ವರದಿಂದ ಬಿದ್ದರು. ಆಗ ಗುರುತಿಸಿದ ವೈರಸ್ಸಿಗೆ ಆ ಕಾಡಿನ ಹೆಸರೇ ನಿಂತಿತು. ಅದನ್ನು ಹೊತ್ತು ತರುವುದು ಉಣುಗು. ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವರು. ನಮ್ಮ ಉತ್ತರ ಕನ್ನಡದ ಸಿದ್ದಾಪುರದ ಕಡೆಯವರಿಗೆ ಇದು ಹೊಸ ಹೆಸರಲ್ಲ; 2015ರಲ್ಲಿ ಗೋವೆಯ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ಜೋಯಿಡಾದ ಜನರು ಹೆದರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೊದಲ ಎರಡು ಮೂರು ದಿನಗಳಲ್ಲಿ ಡೆಂಗೆ, ಇಲಿಜ್ವರ, ಮಂಗನ ಕಾಯಿಲೆ, ಮತ್ತೆ ತಾನಾಗಿ ಬಂದು ತಾನಾಗಿ ಹೋಗುವ ಸಾಧಾರಣ ಜ್ವರ, ಇವೆಲ್ಲ ಒಂದೇ ಬಗೆಯ ಮುಖವನ್ನು ತೋರಿಸುವುವು. ಒಳ್ಳೆಯ ವೈದ್ಯನೂ ಮುಖ ನೋಡಿ ಹೆಸರು ಹೇಳಲಾರನು.

ಇನ್ನು ಅತ್ತೆಯವರ ಪ್ರಶ್ನೆ. ಸಕ್ಕರೆಯ ಕಡ್ಡಿಯು ಸುಲಭವಾದುದಕ್ಕೆ ಕಾರಣವೇನೆಂದರೆ, ರಕ್ತದಲ್ಲಿ ಸಕ್ಕರೆಯು ಧಾರಾಳವಾಗಿ ಇದೆ: ಆರೋಗ್ಯವಂತನ ಒಂದು ಲೀಟರು ರಕ್ತದಲ್ಲಿ ಸುಮಾರು ಒಂದು ಗ್ರಾಮು. ಬಸಿರಿನ ರಸವೂ ಮೊದಲ ವಾರಗಳಲ್ಲಿ ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತ ಹೋಗಿ ತಾನೇ ಕೈಗೆ ಸಿಕ್ಕುವುದು. ಜ್ವರದ ಮೊದಲ ದಿನಗಳಲ್ಲಿರುವ ವೈರಸ್ಸಾದರೋ ಆ ಸಕ್ಕರೆಯ ತೂಕದ ಹತ್ತು ಲಕ್ಷದಲ್ಲೊಂದು ಪಾಲೂ ಇರದು. ಇಷ್ಟು ಅಲ್ಪವಾದುದನ್ನು ಕಾಣಬೇಕಾದರೆ ಇದುವರೆಗೆ ಮುಖ್ಯವಾಗಿ ಎರಡು ಉಪಾಯಗಳು. ಒಂದು, ವೈರಸ್ಸಿನ ಒಳಗಿನ ಬೀಜಲಿಪಿಯನ್ನು ಯಂತ್ರದಲ್ಲಿಟ್ಟು ಪ್ರತಿ ತೆಗೆಯುತ್ತ ಕೋಟಿಗಟ್ಟಲೆಯಾಗಿ ಬೆಳೆಸುವುದು. ಕರೋನಾದ ಕಾಲದಲ್ಲಿ ಎಲ್ಲರ ಬಾಯಲ್ಲಿಯೂ ಇದ್ದ ಆರ್‌ಟಿ-ಪಿಸಿಆರ್ ಎಂಬುದು ಇದೇ. ಇನ್ನೊಂದು, ರೋಗಕ್ಕೆ ಎದುರಾಗಿ ನಮ್ಮ ದೇಹವು ಹುಟ್ಟಿಸುವ ಪ್ರತಿಕಾಯಗಳಿಗೆ ಬಣ್ಣ ಕೊಡುವ ವಸ್ತುವನ್ನು ಕಟ್ಟಿ, ಬಣ್ಣ ಬಂದಿತೇ ಎಂದು ನೋಡುವುದು, ಇದು ಎಲೈಸಾ. ಎರಡಕ್ಕೂ ಪ್ರಯೋಗಶಾಲೆ ಬೇಕು, ಪಳಗಿದ ಕೈ ಬೇಕು, ಹೊತ್ತು ಬೇಕು. ಒಂಬತ್ತು ದಿನಗಳಲ್ಲಿ ಹೆಚ್ಚಿನ ಪಾಲು ದಾರಿಯಲ್ಲಿಯೂ ಸರದಿಯಲ್ಲಿಯೂ ಕಳೆಯಿತೇ ಹೊರತು ಪರೀಕ್ಷೆಯಲ್ಲಿ ಅಲ್ಲ.

ಮೂರನೆಯ ಉಪಾಯವೊಂದು ಈಗ ನಲವತ್ತು ವರ್ಷಗಳಿಂದ ಬೆಳೆಯುತ್ತಿದೆ. ಅದರಲ್ಲಿ ಪ್ರತಿ ತೆಗೆಯುವುದೂ ಇಲ್ಲ, ಬಣ್ಣ ಕಟ್ಟುವುದೂ ಇಲ್ಲ. ಬೆಳಕನ್ನು ಒಂದು ಸಣ್ಣ ಕಾಲುವೆಯಲ್ಲಿ ಹರಿಯಬಿಟ್ಟು, ಆ ಕಾಲುವೆಯ ದಡಕ್ಕೆ ಏನು ಅಂಟಿಕೊಂಡಿತೆಂಬುದನ್ನು ಬೆಳಕಿನ ಬಾಯಿಂದಲೇ ಕೇಳುವುದು.

ಬೆಳಕಿಗೆ ಕಾಲುವೆಯೆ ಎಂದು ನಗುವವರು ಒಂದು ರಾತ್ರಿ ಹೀಗೆ ಮಾಡಿ ನೋಡಬೇಕು. ಪ್ಲಾಸ್ಟಿಕಿನ ಬಾಟಲಿಯ ಬುಡದ ಬಳಿ ಮೊಳೆಯಿಂದ ತೂತು ಮಾಡಿ, ನೀರು ತುಂಬಿ, ದೀಪವಾರಿಸಿ, ತೂತಿನ ಎದುರು ಬದಿಗೆ ಮೊಬೈಲಿನ ಬೆಳಕನ್ನು ಹಿಡಿದರೆ, ಕೆಳಗೆ ಬಾಗಿ ಬೀಳುವ ನೀರಿನ ಧಾರೆಯೊಡನೆ ಬೆಳಕೂ ಬಾಗಿ ಬಂದು ಅಂಗೈಯಲ್ಲಿ ಮಿನುಗುವುದು. ಜಿನೀವಾದ ಕೊಲಾಡನ್ ಎಂಬಾತನು 1841ರಲ್ಲಿ ಇದನ್ನು ತೋರಿಸಿದನು. ಲಂಡನ್ನಿನಲ್ಲಿ ಟಿಂಡಲ್ ಪಂಡಿತನು 1854ರಲ್ಲಿ ತೋರಿಸಿದನು. ನೀರಿನೊಳಗಿನ ಬೆಳಕು ಗಾಳಿಯ ಮೇರೆಗೆ ಓರೆಯಾಗಿ, ಸುಮಾರು 49 ಅಂಶಕ್ಕಿಂತ ಹೆಚ್ಚಿನ ಓರೆಯಲ್ಲಿ, ಬಂದರೆ ಹೊರಗೆ ದಾಟಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುವುದು. ಪಂಜಾಬದ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ತಮ್ಮ ಗುರು ಹಾಪ್ಕಿನ್ಸರೊಡನೆ 1954ರಲ್ಲಿ ಗಾಜಿನ ಎಳೆಗಳ ಕಟ್ಟಿನಿಂದ ಚಿತ್ರವನ್ನೇ ಸಾಗಿಸಿ ತೋರಿಸಿದರು. 1966ರಲ್ಲಿ ಚಾರ್ಲ್ಸ್ ಕಾವ್ ಅವರು ಗಾಜು ಶುದ್ಧವಾದರೆ ಬೆಳಕು ಮೈಲುಗಟ್ಟಲೆ ಹೋಗಬಲ್ಲುದೆಂದು ಲೆಕ್ಕ ಹಾಕಿ, 2009ರಲ್ಲಿ ಅದಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದರು. ಇಂದು ಊರೂರಿಗೆ ದೂರವಾಣಿಯನ್ನೂ ಸಿನೆಮಾವನ್ನೂ ತರುತ್ತಿರುವ ತಂತಿಯು ಆ ಗಾಜಿನ ಎಳೆಯೇ.

ಆದರೆ ನಮಗೆ ಬೇಕಾದುದು ಸಾಗಿಸುವ ಬೆಳಕಲ್ಲ, ಮುಟ್ಟಿ ನೋಡುವ ಬೆಳಕು. ಅದಕ್ಕೆ ಇನ್ನೊಂದು ಪ್ರಯೋಗವುಂಟು. ಇದು ಮೊದಲಿನದಕ್ಕಿಂತ ಸುಲಭ, ಮತ್ತು ನನ್ನ ಮಟ್ಟಿಗೆ ಹೆಚ್ಚು ಸೋಜಿಗ. ಗಾಜಿನ ಲೋಟದಲ್ಲಿ ನೀರು ತುಂಬಿ, ಕೈಯಲ್ಲಿ ಹಿಡಿದು, ಮೇಲಿನಿಂದ ನೀರಿನ ಮೂಲಕ ಲೋಟದ ಒಳಗೋಡೆಯನ್ನು ನೋಡಿರಿ. ಗೋಡೆಯು ಬೆಳ್ಳಿಯ ಕನ್ನಡಿಯಂತೆ ಹೊಳೆಯುವುದು; ಹೊರಗೆ ಹಿಡಿದ ನಿಮ್ಮ ಬೆರಳುಗಳೇ ಕಾಣಿಸವು. ಈಗ ಬೆರಳನ್ನು ಕೊಂಚ ಒದ್ದೆ ಮಾಡಿ ಒತ್ತಿ ಹಿಡಿಯಿರಿ. ಆ ಬೆಳ್ಳಿಯ ನಡುವೆ ಬೆರಳಿನ ಸುಳಿಗೆರೆಗಳು ಒಂದೊಂದಾಗಿ, ಮುದ್ರೆಯೊತ್ತಿದಂತೆ ಮೂಡುವುವು. ಗೆರೆಗಳ ನಡುವಣ ತಗ್ಗು ಕಾಣದು, ಗಾಜಿಗೆ ತಾಕಿದ ಏರು ಮಾತ್ರ ಕಾಣುವುದು.

ಇದರ ಅರ್ಥವೇನು? ಪೂರ್ತಿಯಾಗಿ ಒಳಕ್ಕೆ ಮರಳುವುದೆಂದು ನಾವು ಹೇಳಿದ ಬೆಳಕು ಸರಿಯಾಗಿ ಗೋಡೆಯ ಗೆರೆಯಲ್ಲಿಯೆ ತಿರುಗುವುದಿಲ್ಲ. ತೋಟದ ಬೇಲಿಯೊಳಗಿನ ಮಲ್ಲಿಗೆಯ ಕಂಪು ಬೇಲಿಯಾಚೆಗೆ ಎರಡು ಮಾರು ಹಬ್ಬಿರುವಂತೆ, ಬೆಳಕಿನ ಒಂದು ಸೆರಗು ಗಾಜಿನಿಂದಾಚೆಗೆ ಚಾಚಿಕೊಂಡಿರುವುದು. ಆ ಸೆರಗು ಬಹಳ ಗಿಡ್ಡ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲೂ ಇಲ್ಲ. ಅಲ್ಲಿ ಏನೂ ಇಲ್ಲದಿದ್ದರೆ ಬೆಳಕು ತನ್ನ ಪಾಡಿಗೆ ಒಳಗೆ ಮರಳುವುದು. ಏನಾದರೂ ತಾಕಿತೋ, ಒಳಗಿನ ಬೆಳಕಿನಲ್ಲಿ ವ್ಯತ್ಯಾಸ ಕಾಣಿಸುವುದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳೊತ್ತಿ ಅಕ್ಕಿ ತರುವವರೆಲ್ಲ ಈ ಸೆರಗನ್ನು ಬಲ್ಲವರೇ, ಏಕೆಂದರೆ ಬೆರಳಚ್ಚು ನೋಡುವ ಹಲವು ಯಂತ್ರಗಳು ಈ ನಿಯಮದಿಂದಲೇ ನಡೆಯುವುವು. ದುಡಿದು ಸವೆದ ಬೆರಳಿನಲ್ಲಿ ಏರುತಗ್ಗುಗಳು ಉಳಿಯದೆ ಯಂತ್ರವು ಒಪ್ಪದಿರುವುದೂ, ಸಾಲಿನಲ್ಲಿ ನಿಂತವರು ಗೊಣಗುವುದೂ ಎಲ್ಲ ಹಳ್ಳಿಗಳಲ್ಲಿಯೂ ಕಾಣುವ ನೋಟ.

ಈ ಲೋಟವನ್ನೇ ಕುಗ್ಗಿಸುತ್ತ ಹೋಗಿರಿ. ನಮ್ಮ ತಲೆಗೂದಲಿನ ದಪ್ಪ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎಪ್ಪತ್ತೆಂಬತ್ತು. ಸಿಲಿಕಾನ್ ಎಂಬ, ಮರಳಿನಿಂದ ತೆಗೆದ ಧಾತುವಿನ ಹಲ್ಲೆಯ ಮೇಲೆ, ಆ ಕೂದಲಿನ ನೂರೈವತ್ತನೆಯ ಒಂದು ಪಾಲು ಅಗಲ, ಅದರ ಅರ್ಧದಷ್ಟು ಎತ್ತರ, ಇಷ್ಟೇ ಇರುವ ಏರಿಯನ್ನು ಕೊರೆಯುವರು. ಇದು ಬೆಳಕಿನ ಕಾಲುವೆ. ಕಣ್ಣಿಗೆ ಕಾಣುವ ಬೆಳಕು ಸಿಲಿಕಾನಿನಲ್ಲಿ ಹೋಗಲಾರದು. ಕೆಂಪಿನಿಂದಾಚೆಯ, ಕಣ್ಣಿಗೆ ಕಾಣದ ಬೆಳಕಿಗಾದರೆ ಅದು ಗಾಜಿನಂತೆ ಪಾರದರ್ಶಕ. ಅಷ್ಟು ಸಣ್ಣ ಕಾಲುವೆಯಲ್ಲಿ ಬೆಳಕಿನ ಸೆರಗು ಹೊರಗೆ ಚಾಚುವುದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದೋ ಎರಡೋ ಪಾಲು. ಹಾಗೆಂದು ಅದನ್ನು ಕಡಿಮೆಯೆನ್ನಬಾರದು. ನಮ್ಮ ರಕ್ತದ ಒಂದು ಪ್ರತಿಕಾಯದ ಗಾತ್ರವು ಅದರ ಹತ್ತರಲ್ಲೊಂದು ಪಾಲು. ಮಂಗನ ಕಾಯಿಲೆಯ ವೈರಸ್ಸಿನದು ಅರ್ಧ ಪಾಲು. ಆದುದರಿಂದ ಸೆರಗಿಗೆ ಸಿಕ್ಕುವುದು ದಡಕ್ಕೆ ಅಂಟಿದುದು ಮಾತ್ರ. ಮೇಲೆ ಹರಿದುಹೋಗುವ ರಕ್ತದ ಕಸವನ್ನೆಲ್ಲ ಅದು ಕಂಡೂ ಕಾಣದಂತೆ ಬಿಟ್ಟುಬಿಡುವುದು.

ಒಂದು ತೊಂದರೆ ಉಳಿಯಿತು. ಬೆಳಕು ಒಂದು ಸಾರಿ ಹಾದುಹೋಗುವಾಗ ಆಗುವ ವ್ಯತ್ಯಾಸವು ತೀರ ಅಲ್ಪ. ಅದೇ ದಡವನ್ನು ಬೆಳಕು ಮತ್ತೆ ಮತ್ತೆ ಮುಟ್ಟುವಂತೆ ಮಾಡಬೇಕು. ಇದಕ್ಕೆ ಉತ್ತರವನ್ನು ತಿಳಿಯಬೇಕಾದರೆ ವಾಚಕರು ನನ್ನೊಡನೆ ಬಿಜಾಪುರಕ್ಕೆ ಬರಬೇಕು.

1656ರಲ್ಲಿ ಮುಗಿದ ಗೋಲಗುಂಬಜದ ಒಳ ಮೊಗಸಾಲೆಯಲ್ಲಿ ನಿಂತು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ನೂರಿಪ್ಪತ್ತಕ್ಕೂ ಹೆಚ್ಚು ಅಡಿ ಆಚೆ, ಎದುರುಗೋಡೆಗೆ ಕಿವಿಯಿಟ್ಟವನಿಗೆ ಮಾತು ಸ್ಪಷ್ಟವಾಗಿ ಕೇಳುವುದು. ಶಾಲೆಯ ಮಕ್ಕಳು ಅಲ್ಲಿ ಕೂಗಾಡಿ ಹಿಂದಿರುಗುವರು. ಕೂಗುವುದಕ್ಕಿಂತ ಪಿಸುಗುಟ್ಟುವುದರಲ್ಲಿಯೆ ಅದರ ಸೊಗಸು ಎಂಬುದು ನನ್ನ ಅಭಿಪ್ರಾಯ. ಧ್ವನಿಯು ನಡುವಣ ಬಯಲನ್ನು ಹಾಯದೆ, ಬಾಗಿದ ಗೋಡೆಯನ್ನು ತಬ್ಬಿಕೊಂಡು ಸುತ್ತಿ ಬರುವುದೆಂದು ಲಾರ್ಡ್ ರೇಲಿಯವರು ವಿವರಿಸಿದ್ದರು. ಸರ್ ಸಿ. ವಿ. ರಾಮನ್ನರು 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದಲ್ಲಿ ಇದನ್ನು ಪರೀಕ್ಷಿಸಿ, ನಮ್ಮ ದೇಶದ ಇಂಥ ಮೊಗಸಾಲೆಗಳ ವಿಷಯದಲ್ಲಿ 1922ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗೋಲಗುಂಬಜವನ್ನೂ ಸೇರಿಸಿದರು. ಅವರು ಬೆಳಕಿನ ಸಂಶೋಧನೆಗಾಗಿ ಜಗತ್ಪ್ರಸಿದ್ಧರಾಗಿ, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅದೇ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದ ಧೂಳಿಲ್ಲದ ಕೋಣೆಗಳಲ್ಲಿ ಇಂದು ಬೆಳಕಿನ ಇಂಥ ಕಾಲುವೆಗಳನ್ನು ಸಿಲಿಕಾನಿನ ಮೇಲೆ ಕೊರೆಯುತ್ತಿರುವರು.

ಗೋಲಗುಂಬಜದ ಆ ಮೊಗಸಾಲೆಯನ್ನು ಕೂದಲಿಗಿಂತ ಸಣ್ಣದಾದ ಉಂಗುರವನ್ನಾಗಿ ಮಾಡಿ, ಧ್ವನಿಯ ಬದಲಿಗೆ ಬೆಳಕನ್ನು ಬಿಟ್ಟರೆ ಅದೇ ನಮ್ಮ ಉಪಕರಣ. ನೇರ ಕಾಲುವೆಯಲ್ಲಿ ಬರುವ ಬೆಳಕಿನ ಒಂದು ಪಾಲು ಪಕ್ಕದ ಉಂಗುರದೊಳಕ್ಕೆ ಜಾರಿ, ಹೊರಬೀಳುವುದಕ್ಕೆ ಮೊದಲು ಹತ್ತಾರು ಸುತ್ತು ಸುತ್ತುವುದು. ಸುತ್ತುವ ಅಲೆಯು ತನ್ನ ಬಾಲವನ್ನು ತಾನೇ ಸರಿಯಾಗಿ ಹಿಡಿಯುವಂತಿದ್ದರೆ ಮಾತ್ರ ಅದಕ್ಕೆ ಅಲ್ಲಿ ನೆಲೆ. ಆದುದರಿಂದ ಪ್ರತಿಯೊಂದು ಉಂಗುರಕ್ಕೂ ತನಗೊಪ್ಪುವ ಶ್ರುತಿಯೊಂದುಂಟು. ಆ ಶ್ರುತಿಯ ಬೆಳಕನ್ನು ಅದು ಹಿಡಿದಿಟ್ಟುಕೊಳ್ಳುವುದು, ಉಳಿದುದನ್ನು ಬಿಟ್ಟುಬಿಡುವುದು.

ಮೃದಂಗದ ಎಡಮುಖಕ್ಕೆ ರವೆಯ ಮುದ್ದೆಯನ್ನು ಮೆತ್ತುವುದನ್ನು ಕಚೇರಿಗೆ ಮುಂಚಿತವಾಗಿ ಹೋದವರು ನೋಡಿರುವರು. ಮೆತ್ತಿದಷ್ಟೂ ನಾದವು ಕೆಳಕ್ಕಿಳಿಯುವುದು. ಉಂಗುರದ ದಡಕ್ಕೆ ಒಂದು ಪದರು ಪ್ರತಿಕಾಯಗಳು ಅಂಟಿದರೂ ಹಾಗೆಯೆ: ಬೆಳಕಿನ ಶ್ರುತಿಯು ಕೊಂಚ ಇಳಿಯುವುದು. ಎಷ್ಟು ಇಳಿಯಿತೆಂದು ನೋಡಿದರೆ ಎಷ್ಟು ಅಂಟಿತೆಂದು ತಿಳಿಯುವುದು. ಬಣ್ಣ ಬೇಡ, ಪ್ರತಿ ಬೇಡ; ರಕ್ತದ ರಸವನ್ನು ಮೇಲೆ ಹಾಯಿಸುತ್ತ ಹತ್ತು ಹದಿನೈದು ನಿಮಿಷ ಶ್ರುತಿಯನ್ನು ಕೇಳುತ್ತ ಕುಳಿತರೆ ಸಾಕು.

ಯಾವುದು ಅಂಟಬೇಕೆಂಬುದನ್ನು ಗೊತ್ತುಮಾಡುವವರು ನಾವು. ದಡದ ಮೇಲೆ ಮೊದಲೇ ಕೊಂಡಿಗಳನ್ನು ನೆಟ್ಟಿರುವರು. ಡೆಂಗೆಯ ಪ್ರತಿಕಾಯವನ್ನು ಹಿಡಿಯಬೇಕಾದರೆ ಡೆಂಗೆಯ ವೈರಸ್ಸಿನ ಒಂದು ತುಣುಕು, ಇಲಿಜ್ವರಕ್ಕೆ ಅದರದು. ಉಂಗುರವು ಇಷ್ಟು ಸಣ್ಣದಾದುದರಿಂದ ಹೆಬ್ಬೆರಳಿನ ಉಗುರಿನಷ್ಟು ಬಿಲ್ಲೆಯಲ್ಲಿ ನೂರಾರು ಉಂಗುರಗಳಿಗೆ ಎಡೆಯುಂಟು. ಒಂದೊಂದಕ್ಕೂ ಬೇರೆ ಬೇರೆ ಕೊಂಡಿ ಕಟ್ಟಬಹುದು. ಅತ್ತೆಯವರ ಪ್ರಶ್ನೆಗೆ ಈ ಉಪಾಯದಲ್ಲಿರುವ ನಿಜವಾದ ಉತ್ತರ ಇಲ್ಲಿಯೆ ಇದೆಯೆಂದು ನನಗೆ ತೋರುವುದು. ಜ್ವರದವನ ಮುಂದೆ ನಿಂತ ವೈದ್ಯನಿಗೆ ಬೇಕಾದುದು “ಇದು ಮಂಗನ ಕಾಯಿಲೆಯೆ?” ಎಂಬ ಒಂದೇ ಪ್ರಶ್ನೆಗೆ ಉತ್ತರವಲ್ಲ, “ಇವುಗಳಲ್ಲಿ ಇದು ಯಾವುದು?” ಎಂಬುದಕ್ಕೆ. ಒಂದು ಹನಿ ರಕ್ತದಿಂದ ಐದಾರು ಜ್ವರಗಳನ್ನು ಒಟ್ಟಿಗೆ ಕೇಳಬಲ್ಲ ಬಿಲ್ಲೆಯಿದ್ದರೆ, “ಅದಲ್ಲ” ಎಂಬ ಮಾತೂ ಅಂದೇ ಸಿಕ್ಕುವುದು. ಆ ಕುಣಬಿ ಹೆಣ್ಣುಮಗಳಿಗೆ ಬೇಕಾಗಿದ್ದುದು “ಅದಲ್ಲ” ಎಂಬ ಮಾತೇ.

ಹಾಗಾದರೆ ಇದೇಕೆ ಇನ್ನೂ ಜೋಯಿಡಾಕ್ಕೆ ಬಂದಿಲ್ಲ? ಅಡ್ಡಿಗಳನ್ನು ಮರೆಮಾಚಿ ಬರೆಯುವುದು ವಾಚಕರಿಗೆ ಮಾಡುವ ಮೋಸ.

ಹಲಸಿನ ಹಣ್ಣು ಬಿಡಿಸಿದವರಿಗೆ ಮೊದಲ ಅಡ್ಡಿಯು ತಾನೇ ತಿಳಿಯುವುದು. ರಕ್ತದ ರಸದ ಲೀಟರಿಗೆ ಅರುವತ್ತೆಪ್ಪತ್ತು ಗ್ರಾಮು ನಾನಾ ಬಗೆಯ ಪ್ರೋಟೀನುಗಳು. ಅವೆಲ್ಲ ಹಲಸಿನ ಮೇಣದಂತೆ ಸಿಕ್ಕಿದಲ್ಲಿ ಅಂಟುವ ಸ್ವಭಾವದವು. ಬೆಳಕಿಗೆ ಅಂಟಿದುದು ತಿಳಿಯುವುದೇ ಹೊರತು ಅಂಟಿದುದು ಕಳ್ಳನೋ ಸಾಹುಕಾರನೋ ತಿಳಿಯದು. ಹಲಸು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳುವಂತೆ, ಕೊಂಡಿಯಿಲ್ಲದ ಜಾಗಕ್ಕೆಲ್ಲ ಅಂಟದ ಪದಾರ್ಥವನ್ನು ಮೊದಲೇ ಸವರುವರು. ಹಾಲಿನ ಪ್ರೋಟೀನನ್ನೂ ಇದಕ್ಕೆ ಬಳಸುವುದುಂಟು. ಆದರೂ ಮೇಣ ಪೂರ್ತಿ ತಪ್ಪದು. ಎರಡನೆಯದು ಸೆಕೆ. ಸಿಲಿಕಾನಿನ ಶ್ರುತಿಯು ಬಿಸಿಗೂ ಇಳಿಯುವುದು. ಒಂದು ಅಂಶ ಬಿಸಿಯೇರಿದರೆ ಆಗುವ ವ್ಯತ್ಯಾಸವು ರೋಗದ ಗುರುತನ್ನೇ ನುಂಗುವಷ್ಟು. ಆದುದರಿಂದ ಪಕ್ಕದಲ್ಲಿ ಮೈ ಮುಚ್ಚಿದ ಉಂಗುರವೊಂದನ್ನು ಸಾಕ್ಷಿಗಾಗಿ ಇಟ್ಟು, ಅದರ ಇಳಿತವನ್ನು ಕಳೆಯುವರು. ಇದು ಜಾಣತನ.

ಮೂರನೆಯದು ಹಣ. ಬಿಲ್ಲೆಯನ್ನು ಲಕ್ಷಗಟ್ಟಲೆ ಮಾಡಿದರೆ ಅಗ್ಗವಾಗುವುದು. ಆದರೆ ಬೆಳಕು ಕೊಡುವ ಲೇಸರು, ಕೂದಲಿಗಿಂತ ಸಣ್ಣದಾದ ಕಾಲುವೆಯ ಬಾಯಿಗೆ ಅದನ್ನು ತಪ್ಪದೆ ಹೂಡುವ ಕೈ, ಶ್ರುತಿಯನ್ನು ಅಳೆಯುವ ಯಂತ್ರ, ಇವು ಅಗ್ಗವಲ್ಲ. ಕೊಂಡಿಗಳಾಗಿ ನೆಟ್ಟ ಪ್ರೋಟೀನುಗಳು ಸೆಕೆಗೆ ಕೆಡುವುವು. ಬಾರಿಬಾರಿಗೂ ಕರೆಂಟು ಹೋಗುವ ಊರಿನಲ್ಲಿ ಅವನ್ನು ತಂಪಾಗಿ ಇಡುವವರು ಯಾರು? ಪ್ರಯೋಗಶಾಲೆಯಲ್ಲಿ ಗೆದ್ದ ಎಷ್ಟೋ ಉಪಕರಣಗಳು ಈ ಸಣ್ಣ ಪ್ರಶ್ನೆಯಲ್ಲಿಯೆ ಸೋತಿವೆ.

ನಾಲ್ಕನೆಯದನ್ನು ಸ್ವಲ್ಪ ಒತ್ತಿ ಹೇಳಬೇಕು. ಜ್ವರದ ಮೊದಲ ದಿನ ರಕ್ತದಲ್ಲಿ ಪ್ರತಿಕಾಯ ಹುಟ್ಟಿರುವುದಿಲ್ಲ. ಇರುವುದು ವೈರಸ್ಸು ಮಾತ್ರ, ಅದೂ ಅತ್ಯಲ್ಪ. ಉಂಗುರದ ಕಿವಿಯು ಚುರುಕಾದರೂ ಅಷ್ಟು ಅಲ್ಪವನ್ನು ಹಸಿರಕ್ತದಲ್ಲಿ ತಪ್ಪಿಲ್ಲದೆ ಕೇಳುವಷ್ಟು ಇನ್ನೂ ಪಳಗಿಲ್ಲ. ನಾಲ್ಕೈದು ದಿನಗಳಾಗಿ ಪ್ರತಿಕಾಯಗಳು ಏರತೊಡಗಿದ ಮೇಲೆ ಅದರ ಕೆಲಸ ಸುಲಭ. ಮೊದಲ ದಿನಗಳಲ್ಲಿ ಪ್ರತಿ ತೆಗೆದು ಬೆಳೆಸುವ ಹಳೆಯ ದಾರಿಯೆ ದಾರಿ. ಅದನ್ನೂ ಹಳ್ಳಿಗೆ ತರುವ ಕೆಲಸ ನಡೆದಿದೆ: ನೆರೆಯ ಗೋವೆಯ ಮೋಲ್‌ಬಯೋ ಕಂಪನಿಯ ಟ್ರೂನ್ಯಾಟ್ ಎಂಬ, ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯು ಕ್ಷಯದ ಪರೀಕ್ಷೆಗಾಗಿ 2020ರಲ್ಲಿ ಒಪ್ಪಿತು. ಬೆಳಕಿನ ಉಂಗುರವು ಇದರ ವೈರಿಯಲ್ಲ. ಒಂದು ಮೊದಲ ದಿನಗಳಿಗೆ, ಇನ್ನೊಂದು ಆಮೇಲಿನ ದಿನಗಳಿಗೆ.

ಹೊರದೇಶಗಳಲ್ಲಿ ಇದು ಎಲ್ಲಿಗೆ ಬಂದಿದೆಯೆಂದು ಕೇಳುವವರಿಗೆ ನಾಲ್ಕು ಮಾತು. ಜೂರಿಚ್ ನಗರದಲ್ಲಿ ಲುಕೋಶ್, ಟೀಫೆಂಟಾಲರ್ ಎಂಬಿಬ್ಬರು ಬೆಳಕಿನ ಕಾಲುವೆಗಳು ಸುತ್ತಣ ಗಾಳಿಯ ತೇವಕ್ಕೂ ಶ್ರುತಿ ಬದಲಿಸುವುದನ್ನು ಕಂಡು, 1984ರಲ್ಲಿ ಇವನ್ನು ಪರೀಕ್ಷಾ ಉಪಕರಣಗಳಾಗಿ ಬಳಸಬಹುದೆಂದು ಬರೆದರು. ಬಂಗಾರದ ತೆಳುಪದರಿನ ಮೇಲೆ ಬೆಳಕಿನ ಇಂಥದೇ ಸೆರಗನ್ನು ಬಳಸುವ ಯಂತ್ರವನ್ನು ಬಯಾಕೋರ್ ಎಂಬ ಹೆಸರಿನಿಂದ ಸ್ವೀಡನ್ನಿನ ಕಂಪನಿಯೊಂದು 1990ರಲ್ಲಿ ಮಾರಾಟಕ್ಕೆ ತಂದಿತು. ಔಷಧ ತಯಾರಿಸುವವರ ಪ್ರಯೋಗಶಾಲೆಗಳಲ್ಲಿ ಅದು ಮನೆಮಾತಾಯಿತು. ಅಮೆರಿಕದ ಜೆನಲೈಟ್ ಕಂಪನಿಯು ನಾವು ವರ್ಣಿಸಿದ ಉಂಗುರಗಳಿಂದಲೇ ರಕ್ತಪರೀಕ್ಷೆಯ ಯಂತ್ರವನ್ನು ಕಟ್ಟಿತು. ಕೊಳ್ಳುವ ಶಕ್ತಿಯಿದ್ದವರ ಕಡೆಗೆ ಯಂತ್ರವು ಮೊದಲು ಓಡುವುದು ಲೋಕದ ರೂಢಿ.

ಜ್ವರದ ಹೊರತು ಇನ್ನೊಂದು ಕೆಲಸಕ್ಕೂ ಈ ಕಾಲುವೆಯು ನಮ್ಮ ಸೀಮೆಗೆ ಒದಗಬಹುದು. ದಾಂಡೇಲಿಯ ಕಾಗದದ ಕಾರ್ಖಾನೆಯು 1950ರ ದಶಕದಲ್ಲಿ ಬಂದಂದಿನಿಂದ ಕಾಳಿಯ ನೀರಿನ ಮಾತು ಊರಿನಲ್ಲಿ ನಡೆದ ಮಾತೇ. ಹಳಿಯಾಳದ ಕಬ್ಬಿನ ಗದ್ದೆಗೂ ಮುಂಡಗೋಡದ ಬತ್ತದ ಗದ್ದೆಗೂ ಹೊಡೆಯುವ ಹುಳದ ಔಷಧವು ಮಳೆಯೊಡನೆ ಬಾವಿಗೆ ಇಳಿಯುವುದೇ ಎಂದು ಮನೆಯವರು ಚಿಂತಿಸುವುದುಂಟು. ಕೀಟನಾಶಕಗಳಲ್ಲಿ ಒಂದು ಜಾತಿಯು ನರಗಳಿಗೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುವುದು. ಅದೇ ಕಿಣ್ವವನ್ನು ಗಾಜಿನ ಎಳೆಯ ತುದಿಗೆ ನೆಟ್ಟು ನೀರಿನಲ್ಲಿ ಅದ್ದಿದರೆ, ವಿಷವಿದೆಯೆಂಬುದು ಬೆಳಕಿನಿಂದ ತಿಳಿಯುವುದು. ರಕ್ತಕ್ಕಿಂತ ನೀರು ಸರಳವಾದುದರಿಂದ ಇಲ್ಲಿ ಮೇಣದ ಕಾಟ ಕಡಿಮೆ. ಹಳಿಯಾಳದಲ್ಲಿಯೆ ಎಂಜಿನಿಯರಿಂಗ್ ಕಾಲೇಜಿರುವಾಗ, ಈ ಬಗೆಯ ಎಳೆಯನ್ನು ಕಾಳಿಯ ನೀರಿನಲ್ಲಿ ಅದ್ದಿ ನೋಡುವ ಹುಡುಗರೂ ಹುಡುಗಿಯರೂ ಅಲ್ಲಿಂದಲೇ ಹೊರಡಲೆಂದು ಬಯಸುವುದು ಅತ್ಯಾಶೆಯಲ್ಲವಷ್ಟೆ.

ದೀಪಾವಳಿಗೆ ಮತ್ತೆ ಅತ್ತೆಯವರಲ್ಲಿಗೆ ಹೋದಾಗ ಇದನ್ನೆಲ್ಲ ಹೇಳಿದೆನು. ಅವರು ಪೂರ್ತಿಯಾಗಿ ಕೇಳಿ, “ಅಂತೂ ಇನ್ನೂ ಬಂದಿಲ್ಲ ಅನ್ನು” ಎಂದರು. ನಾನು ಹೌದೆಂದೆನು. ಅವರು ಎದ್ದು ಒಳಗೆ ಹೋಗಿ ಗಾಜಿನ ಲೋಟದಲ್ಲಿ ನೀರು ತಂದರು. ಜಗಲಿಯಲ್ಲಿ ಆ ಕುಣಬಿ ಯುವಕನ ಮಗಳು, ಆರೇಳು ವರ್ಷದವಳು, ಕುಳಿತಿದ್ದಳು. ಲೋಟವನ್ನು ಅವಳ ಕೈಗೇ ಕೊಟ್ಟರು. ಹುಡುಗಿಯು ಬೆರಳನ್ನು ಬಾಯಲ್ಲಿಟ್ಟು ಒದ್ದೆಮಾಡಿ, ಗಾಜಿಗೆ ಒತ್ತಿ, ಬಹಳ ಹೊತ್ತು ಬಗ್ಗಿ ನೋಡಿದಳು. ಅವಳ ತಂದೆಯು ಅಂಗಳದ ಮೂಲೆಯಲ್ಲಿ, ಆರೋಗ್ಯ ಇಲಾಖೆಯವರು ಕೊಟ್ಟ ಉಣುಗಿನ ಎಣ್ಣೆಯನ್ನು ಮೊಣಕಾಲಿನವರೆಗೆ ಹಚ್ಚಿಕೊಂಡು, ಕತ್ತಿ ಸಿಕ್ಕಿಸಿ, ದರಕಿಗೆ ಹೊರಟಿದ್ದನು. “ಬಂದು ಬಿಸಿನೀರಲ್ಲಿ ಮಿಂದು, ಅಂಗಿ ಬೇರೆ ಇಡು,” ಎಂದು ಅತ್ತೆಯವರು ಕೂಗಿ ಹೇಳಿದರು. “ಮಂಗ ಸತ್ತದ್ದು ಕಂಡರೆ ಮುಟ್ಟಬೇಡ. ಮೊದಲು ಬಂದು ಹೇಳು.”